ಬೂದುಗುಂಬಳಕಾಯಿಯೂ ನನ್ನ ಎಡ ಮೊಣಕಾಲೂ

ಆಸ್ಪತ್ರೆಯಲ್ಲಿ ಗಾಯಕ್ಕಿಂತ ಹೆಚ್ಚು ನೋಯಿಸುವುದು ಒಂದು ಪ್ರಶ್ನೆ: "ಹೇಗಾಯ್ತು?" ಚೀಟಿ ಬರೆಯುವವಳು ಕೇಳುತ್ತಾಳೆ, ಗಾಲಿಕುರ್ಚಿ ತಳ್ಳುವವನು ಕೇಳುತ್ತಾನೆ, ಚಿಕ್ಕ ಡಾಕ್ಟರು ಕೇಳಿ ಬರೆದುಕೊಳ್ಳುತ್ತಾರೆ, ಅವರು ಬರೆದದ್ದನ್ನು ಪಕ್ಕಕ್ಕಿಟ್ಟು ದೊಡ್ಡ ಡಾಕ್ಟರು ಮತ್ತೆ ಕೇಳುತ್ತಾರೆ. ಮರ್ಯಾದೆಯ ಕಾರಣ ಇದ್ದವರು ಎದೆಯುಬ್ಬಿಸಿ ಹೇಳಿಕೊಳ್ಳಲಿ, ನನಗೇನೂ ಹೊಟ್ಟೆಕಿಚ್ಚಿಲ್ಲ. ಆದರೆ ಬಚ್ಚಲಲ್ಲಿ ಜಾರಿದವರು, ಮದುವೆ ದಿಬ್ಬಣದಲ್ಲಿ ಕುಣಿಯಲು ಹೋಗಿ ಸೊಂಟ ಹಿಡಿಸಿಕೊಂಡವರು, ಅಟ್ಟದಿಂದ ಉಪ್ಪಿನಕಾಯಿ ಭರಣಿ ಇಳಿಸುತ್ತ ತಾವೂ ಇಳಿದುಬಂದವರು ಲೋಕದಲ್ಲಿ ಕಡಿಮೆಯೇನಿಲ್ಲ. ಅಂಥವರಿಗೆಂದೇ ಇದನ್ನು ಬರೆಯುತ್ತಿದ್ದೇನೆ. ನಾಚಿಕೆ ಬಿಡಿ. ನಿಮ್ಮ ಜೊತೆಗೆ ನಾನಿದ್ದೇನೆ. ನಾನು ಬೂದುಗುಂಬಳಕಾಯಿಯ ಮೇಲೆ ಬಿದ್ದವನು.

ನನ್ನ ಹೆಸರು ಬಸವರಾಜ, ಕೊಪ್ಪಳದ ಕಡೆಯವ. ಹೈದರಾಬಾದಿನಲ್ಲಿ, ನಾಚಾರಂ ಆಚೆಗಿನ ಒಂದು ಕೇಂದ್ರ ಸರ್ಕಾರದ ಕಾರ್ಖಾನೆಯ ಅಗ್ನಿಶಾಮಕ ದಳದಲ್ಲಿ ನೌಕರಿ. ಊರಿನ ಪಶ್ಚಿಮಕ್ಕೆ ದಿನಬೆಳಗಾದರೆ ಒಂದೊಂದು ಗಾಜಿನ ಕಟ್ಟಡ ಏಳುತ್ತಿದ್ದ ಕಾಲ ಅದು. ಸಾಫ್ಟ್‌ವೇರ್ ಎಂದರೆ ಸಾಕು, ಮನೆ ಮಾಲೀಕರು ಎದ್ದು ನಿಂತು ಕೈಮುಗಿಯುತ್ತಿದ್ದರು. ನಾವು ಪೂರ್ವ ದಿಕ್ಕಿನವರು. ಬಣ್ಣದ ಗೋದಾಮು, ರಬ್ಬರಿನ ಶೆಡ್ಡು, ಪ್ಲಾಸ್ಟಿಕ್ಕಿನ ಹೊಗೆ ನಮ್ಮ ಪಾಲಿಗೆ. ಕಾರ್ಖಾನೆಯೊಳಗೆ ಬೆಂಕಿ ಕಾಣದಿದ್ದರೂ ಸುತ್ತಮುತ್ತಲಿನವರು ಕರೆದಾಗ ನಮ್ಮ ಕೆಂಪು ಗಾಡಿ ಓಡುತ್ತಿತ್ತು.

ಓಡುವುದು ಗಾಡಿಯ ಕೆಲಸ, ಜಿಗಿಯುವುದು ನಮ್ಮ ಕೆಲಸ. "ಬೂಟು ಮೊದಲು, ಬ್ರೇಕ್ ಆಮೇಲೆ" ಎಂಬುದು ನಮ್ಮ ಠಾಣೆಯ ಮಂತ್ರ. ಗಾಲಿ ಪೂರ್ತಿ ನಿಲ್ಲುವ ಮೊದಲೇ ಬೂಟು ನೆಲಕ್ಕೆ ಬಡಿಯಬೇಕು. ನಮ್ಮ ಅಧಿಕಾರಿ ಮಂಡ್ಯದ ಕಡೆಯವರು, ನಾವೆಲ್ಲ ಸಾಹೇಬರು ಎನ್ನುತ್ತಿದ್ದೆವು. ಅವರು ಪ್ರತಿ ವಾರ ಗಂಟಲು ಹರಿದುಕೊಳ್ಳುತ್ತಿದ್ದರು: ಗಾಡಿ ನಿಲ್ಲಲಿ, ಮುಖ ಗಾಡಿಯ ಕಡೆಗಿರಲಿ, ಎರಡು ಕೈಯಲ್ಲಿ ಹಿಡಿ ಹಿಡಿದು ಒಂದೊಂದೇ ಕಾಲು ಇಳಿಸಿ, ಏಣಿ ಇಳಿದ ಹಾಗೆ. ಇದನ್ನೇ ಒಂದು ಹಲಗೆಯ ಮೇಲೆ ಬರೆಸಿ ಗೋಡೆಗೆ ಹಾಕಿಸಿದ್ದರು. ಗಾಳಿ ಚೆನ್ನಾಗಿ ಬೀಸುವ ಗೋಡೆ. ನಾವು ಅದರ ಮೇಲೆ ಟವೆಲ್ ಒಣಗಿಸುತ್ತಿದ್ದೆವು.

ಬೆಂಕಿಗೆ ಬೆನ್ನು ತೋರಿಸಿ ಇಳಿಯುವುದೆಂದರೇನು, ಗಂಡಸರೇನು ನಾವು? ಹೊಸಬನೊಬ್ಬ ಹಾಗೆ ಇಳಿದರೆ ನಮ್ಮ ಖಾಜಾ ಬಿಡುತ್ತಲೇ ಇರಲಿಲ್ಲ. ಖಾಜಾ ನನ್ನ ಪಕ್ಕದ ಸೀಟಿನವನು, ಹೈದರಾಬಾದಿನ ಹಳೇ ಊರಿನ ಹುಟ್ಟು, ನಾಲಿಗೆಗೆ ಬ್ರೇಕ್ ಇಲ್ಲದವನು. "ಆವೋ ಅತ್ತಮ್ಮ, ಆಹಿಸ್ತಾ" ಎಂದು ಕೈಚಾಚಿ ಇಳಿಸಿಕೊಳ್ಳುತ್ತಿದ್ದ. ಅತ್ತಮ್ಮ ಅಂದರೆ ತೆಲುಗಿನಲ್ಲಿ ಅತ್ತೆ, ಆಹಿಸ್ತಾ ಅಂದರೆ ಅವನ ಮಾತಿನಲ್ಲಿ ಮೆಲ್ಲಗೆ. ಆ ಹೆಸರು ಒಮ್ಮೆ ಅಂಟಿದರೆ ಮುಗಿಯಿತು, ನಿವೃತ್ತಿಯವರೆಗೂ ಹೋಗದು.

ಆ ವರ್ಷದ ಆಯುಧಪೂಜೆ. ಗಾಡಿಗೆ ಚೆಂಡುಹೂವಿನ ಮಾಲೆ, ಎರಡೂ ಬದಿಗೆ ಬಾಳೆಗಿಡ, ಗಾಲಿಗಳ ಕೆಳಗೆ ನಿಂಬೆಹಣ್ಣು. ಗಾಡಿಗೂ ನಮಗೂ ದೃಷ್ಟಿ ತಾಗದಿರಲೆಂದು ಕುಂಕುಮ ತುಂಬಿದ ಬೂದುಗುಂಬಳಕಾಯಿ ನಿವಾಳಿಸಿ ಒಡೆಯಬೇಕು. ಹಿರಿಯ ಎಂದು ನನ್ನ ಕೈಗೇ ಕೊಟ್ಟರು. ನಾನೂ ಹುರುಪಿನಿಂದ ಬಡಿದೆ, ಹೋಳು ಬಾಗಿಲವರೆಗೂ ಚೆಲ್ಲಾಡಿತು. ಆಮೇಲೆ ಪದ್ಧತಿಯಂತೆ ಕಾರ್ಖಾನೆಯೊಳಗೆ ಒಂದು ಸುತ್ತು. ಡ್ರೈವರ್ ಯಾದಗಿರಿ ಅಣ್ಣ ಸೈರನ್ ಹಾಕಿಕೊಂಡು ಮೆರವಣಿಗೆ ಮುಗಿಸಿ ಹೊರಟಲ್ಲಿಗೇ ಗಾಡಿ ತಂದ. ಕ್ವಾರ್ಟರ್ಸಿನ ಮಂದಿಯೆಲ್ಲ ಸೇರಿದ್ದರು. ಹೆಂಡತಿ ಮಹಾದೇವಿ, ಹಬ್ಬಕ್ಕೆಂದು ಊರಿಂದ ಬಂದಿದ್ದ ಅತ್ತೆ ಗುರುಬಾಯಿ ಮುಂದಿನ ಸಾಲಿನಲ್ಲೇ ನಿಂತಿದ್ದರು. ಇಂಥ ಸಭೆಯೆದುರು ಮೆತ್ತಗೆ ಇಳಿಯುವುದುಂಟೆ? ಬ್ರೇಕ್ ಕಿರ್ರೆನ್ನುವ ಮೊದಲೇ ಹಾರಿದೆ.

ಬೂಟು ಬಿದ್ದದ್ದು ನಾನೇ ಒಡೆದ ಕುಂಬಳಕಾಯಿಯ ತಿರುಳಿನ ಮೇಲೆ. ಎಡಗಾಲು ಸಿಕಂದರಾಬಾದಿನ ಕಡೆ ಹೋಯಿತು, ನಾನು ನಾಚಾರಂ ಕಡೆ ಹೋದೆ, ಮೊಣಕಾಲು ನಡುವೆ ಉಳಿದು ಟಪ್ ಎಂದಿತು. ಮೈತುಂಬ ಕುಂಕುಮ. ಮಕ್ಕಳು ಇದೂ ಕಾರ್ಯಕ್ರಮದಲ್ಲಿ ಇದೆ ಎಂದುಕೊಂಡು ಚಪ್ಪಾಳೆ ತಟ್ಟಿದವು.

ಎಷ್ಟೋ ಬೆಂಕಿ ಕಂಡವನು, ಕೂದಲು ಕೂಡ ಕೊಂಕದೆ ಬಂದವನು, ದೃಷ್ಟಿ ತೆಗೆಯುವ ಕಾಯಿಯ ಮೇಲೆ ಬಿದ್ದು ಸಿಕಂದರಾಬಾದಿನ ಮೂಳೆ ಆಸ್ಪತ್ರೆ ಸೇರಿದೆ.

ಅಲ್ಲಿಯ ಕಾಯುವ ಕೋಣೆ ನೋಡಬೇಕಿತ್ತು. ಸಾಲಾಗಿ ಕುಳಿತವರಲ್ಲಿ ಅರ್ಧಕ್ಕರ್ಧ ಕೊರಳಲ್ಲಿ ಗುರುತಿನ ಚೀಟಿ ತೂಗಿಸಿಕೊಂಡ ಸಾಫ್ಟ್‌ವೇರ್ ಹುಡುಗರು. ಒಬ್ಬನಿಗೆ ಕತ್ತು, ಒಬ್ಬನಿಗೆ ಬೆನ್ನು, ಒಬ್ಬನಿಗೆ ಮಣಿಕಟ್ಟು. ಗುರುಬಾಯಿ ಅವರನ್ನು ಕಣ್ಣು ಕಿರಿದು ಮಾಡಿ ನೋಡಿದಳು. ಆಕೆ ನನ್ನ ಸೋದರಮಾವನ ಹೆಂಡತಿ. ನಾನು ಚಡ್ಡಿ ಇಲ್ಲದೆ ಓಡಾಡಿದ್ದನ್ನು ಕಂಡವಳಾದ್ದರಿಂದ ಅಳಿಯನೆಂಬ ಬಹುವಚನವೆಲ್ಲ ನನಗೆ ಸಿಗುವುದಿಲ್ಲ.

"ಏ ಬಸು, ಈ ಹುಡುಗರಿಗೆ ಕೊಳ್ಳಾಗ ಯಾಕ ಬಿಲ್ಲಿ ಕಟ್ಯಾರ? ತಪ್ಪಿಸ್ಕೊಂಡು ಹೋಗ್ತಾವೇನು?"

"ಆಫೀಸಿಂದು ಅತ್ತಿ. ಸುಮ್ನಿರು."

ಅಷ್ಟರಲ್ಲಿ ಪಕ್ಕದ ಹಿರಿಯರೊಬ್ಬರು ನನ್ನ ಕಾಲು ನೋಡಿ "ಏಮೈಂದಿ ಬಾಬೂ?" ಎಂದರು. ಏನಾಯಿತು ಎಂಬುದು ಯಾವ ಭಾಷೆಯಲ್ಲಿದ್ದರೂ ಗುರುಬಾಯಿಗೆ ತಿಳಿಯುತ್ತದೆ. ನಾನು ಬಾಯಿ ತೆರೆಯುವ ಮೊದಲೇ ಎದ್ದು ನಿಂತಳು. ತೆಲುಗು ಬರದು, ಹಿಂದಿ ಬರದು, ಎರಡೂ ಕೈ ಮೇಲೆತ್ತಿ ಆಡಿದಳು. "ಬೆಂಕಿ! ಹಿಂಗ, ಇಷ್ಟೆತ್ತರ ಬೆಂಕಿ! ನಮ್ಮ ಅಳಿಯ, ಫೈರ್! ಫೈರ್! ಮ್ಯಾಲಿಂದ ಜಿಗದಾನ!"

ಯಾರೋ ನನ್ನ ಕಾಲಿಡಲು ಕುರ್ಚಿ ತಂದರು. ಇನ್ಯಾರೋ ಚಹಾ ತಂದರು. ಹಿರಿಯರು ನನ್ನ ತಲೆ ಮೇಲೆ ಕೈಯಿಟ್ಟು ಹರಸಿದರು.

"ಅತ್ತಿ, ಸುಳ್ಳ್ಯಾಕ ಹೇಳ್ತಿ?" ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದೆ.

"ಏನ್ ಸುಳ್ಳು ಹೇಳೀನಿ? ನೀ ಬೆಂಕಿ ಆರಸೋನು ಹೌದಿಲ್ಲೋ? ಗಾಡಿಯಿಂದ ಜಿಗದಿ ಹೌದಿಲ್ಲೋ? ನಡುವಿಂದಷ್ಟ ಬಿಟ್ಟೀನಿ."

ಮಹಾದೇವಿ ಸೆರಗು ಬಾಯಿಗೆ ಒತ್ತಿ ನಗುತ್ತಿದ್ದಳು. "ಸುಮ್ಕ ಚಾ ಕುಡೀರಿ. ಕಾಲಂತೂ ಹೋತು, ಮರ್ಯಾದಿನರ ಉಳೀಲಿ."

ನನ್ನ ಸರದಿ ಬರುವವರೆಗೂ ಪಕ್ಕದಲ್ಲಿ ಮೊಣಕಾಲಿಗೆ ಪಟ್ಟಿ ಬಿಗಿದ ಹುಡುಗನೊಬ್ಬ ಕುಳಿತಿದ್ದ. ಊರಿನ ಪಶ್ಚಿಮಕ್ಕೆ, ಮಣಿಕೊಂಡದಲ್ಲಿ ಮನೆಯಂತೆ. ಕ್ರಿಕೆಟ್ ಆಡುವಾಗ ಬಿದ್ದೆ ಎಂದು ಎಲ್ಲರಿಗೂ ಹೇಳುತ್ತಿದ್ದ. ಅವನ ಸಪ್ಪೆ ಮುಖ ನೋಡಿ ನಾನೇ ಮೆತ್ತಗೆ ಹಿಂದಿಯಲ್ಲಿ ನನ್ನ ಕುಂಬಳಕಾಯಿ ವೃತ್ತಾಂತ ಹೇಳಿದೆ. ಅವನು ಅತ್ತಿತ್ತ ನೋಡಿ ನನ್ನ ಕಿವಿಗೆ ಬಾಗಿದ. ಕ್ರಿಕೆಟ್ ಅಲ್ಲವಂತೆ, ಆಫೀಸಿನ ಹಬ್ಬದಲ್ಲಿ ಗೋಣಿಚೀಲದ ಓಟವಂತೆ, ಮ್ಯಾನೇಜರಿನ ಹೆಂಡತಿಗೆ ಡಿಕ್ಕಿ ಹೊಡೆದು ಬಿದ್ದನಂತೆ. ಇಬ್ಬರೂ ಕಣ್ಣೀರು ಬರುವಷ್ಟು ನಕ್ಕೆವು. ಆ ದಿನ ನನಗೆ ಸಿಕ್ಕ ಮೊದಲ ಔಷಧಿ ಅದು.

ಒಳಗೆ ದೊಡ್ಡ ಡಾಕ್ಟರು ನಗಲಿಲ್ಲ. ಮೊಣಕಾಲನ್ನು ಆಚೀಚೆ ಎಳೆದು ನೋಡಿ, ಒಳಗಿನ ಕಟ್ಟು ಹರಿದಿದೆ, ಆಪರೇಷನ್ ಬೇಕು ಎಂದರು. ನೌಕರಿ ಏನೆಂದು ಕೇಳಿದರು. ಹೇಳಿದೆ. "ಕುರ್ಚಿಯಲ್ಲಿ ಕೂತು ಮಾಡುವ ಕೆಲಸ ಇದ್ದರೆ ನೋಡಿಕೊಳ್ಳಿ" ಎಂದರು.

ಕುರ್ಚಿ ಕೆಲಸ ಇತ್ತು. ನಮ್ಮ ಠಾಣೆಯಲ್ಲಿ ಫೋನಿನ ಕೋಣೆ ಅಂತ ಒಂದಿದೆ. ಕರೆ ಬಂದರೆ ಬರೆದುಕೊಳ್ಳುವುದು, ಗಂಟೆ ಬಾರಿಸುವುದು, ಬೇರೆಯವರು ಓಡುವುದನ್ನು ಕಿಟಕಿಯಿಂದ ನೋಡುವುದು. ಸಂಬಳಕ್ಕೇನೂ ಕೊರತೆಯಿಲ್ಲ. ಆದರೆ ಆ ಗಂಟೆ ಕೇಳಿ ಎದ್ದು ಓಡದೆ ಕೂರುವುದು ಹೇಗೆ? ವಾರ್ಡಿನಲ್ಲಿ ಮುಖದ ಮೇಲೆ ಟವೆಲ್ ಹಾಕಿಕೊಂಡು ಮಲಗಿದೆ. ನಿದ್ದೆ ಬಂದಿದೆ ಎಂದು ಮಂದಿ ತಿಳಿಯಲಿ ಅಂತ. ಮಹಾದೇವಿ ಮಾತ್ರ ಟವೆಲ್ಲಿನ ಕೆಳಗೆ ಕೈ ಹಾಕಿ ಕೆನ್ನೆ ಒರೆಸಿದಳು.

"ಆ ಗಾಡಿ ಮತ್ತ ಹತ್ತತೀರಿ," ಎಂದಳು. "ಹತ್ತಾಕ ಯಾವ ಡಾಕ್ಟರೂ ಬ್ಯಾಡ ಅನ್ನೂದಿಲ್ಲ. ಇಳಿಯೂದು ಕಲೀರಿ ಮೊದಲ."

ಆಪರೇಷನ್ ಬಗ್ಗೆ ಹೆದರುವವರಿಗೆ ಒಂದು ಮಾತು. ಬೆನ್ನಿಗೆ ಸೂಜಿ ಚುಚ್ಚಿದ ಮೇಲೆ ಸೊಂಟದ ಕೆಳಗೆ ನಾವು ಇರುವುದೇ ಇಲ್ಲ. ನಡುವೆ ಹಸಿರು ಪರದೆ. ಆಚೆ ಕಡೆಯಿಂದ ಬಡಗಿ ಅಂಗಡಿಯ ಸದ್ದು ಬರುತ್ತದೆ. ನಾನು ಜೀವ ಕೈಯಲ್ಲಿ ಹಿಡಿದು ದೇವರನ್ನು ನೆನೆಯುತ್ತಿದ್ದರೆ, ದೊಡ್ಡ ಡಾಕ್ಟರು ಚಿಕ್ಕ ಡಾಕ್ಟರಿಗೆ ಮಣಿಕೊಂಡದಲ್ಲಿ ಪ್ಲಾಟ್ ಈಗಲೇ ಹಿಡಿಯಬೇಕು, ಮುಂದಿನ ವರ್ಷ ಕೈಗೆ ಸಿಗದು ಎಂದು ಬುದ್ಧಿ ಹೇಳುತ್ತಿದ್ದರು. ಮೊದಲು ಸಿಟ್ಟು ಬಂತು. ಆಮೇಲೆ ಧೈರ್ಯ ಬಂತು. ಪ್ಲಾಟಿನ ಮಾತಾಡುತ್ತಿದ್ದಾರೆಂದರೆ ನನ್ನ ಕಾಲು ಸುಖವಾಗಿದೆ ಎಂದೇ ಅರ್ಥ.

ಮಾರನೆಯ ದಿನ ಠಾಣೆಯವರೆಲ್ಲ ಬಂದರು. ಖಾಜಾ ಬಾಗಿಲಲ್ಲೇ ಸಲಾಮು ಹೊಡೆದ. "ಕ್ಯಾ ಕದ್ದೂ ಪೈಲ್ವಾನ್, ಕೈಸೇ ಹೋ?" ಕದ್ದೂ ಎಂದರೆ ಅವನ ಮಾತಿನಲ್ಲಿ ಕುಂಬಳಕಾಯಿ. ಕೈಯಲ್ಲೊಂದು ಮಿಠಾಯಿ ಡಬ್ಬಿ. ತೆಗೆದು ನೋಡಿದರೆ ಪೇಠಾ. ಬೂದುಗುಂಬಳಕಾಯಿಯಿಂದಲೇ ಮಾಡುವ ಮಿಠಾಯಿ! ಸಿಕಂದರಾಬಾದಿನ ಅಷ್ಟೂ ಅಂಗಡಿ ಸುತ್ತಿ ಹುಡುಕಿ ತಂದಿದ್ದನಂತೆ. "ತಿನ್ನು ಮಿಯಾ, ಸೇಡು ತೀರಿಸ್ಕೋ" ಎಂದು ತನ್ನ ದಖನಿ ಉರ್ದುವಿನಲ್ಲಿ ಹೇಳಿ ಬಾಯಿಗೇ ತುರುಕಿದ. ಗುರುಬಾಯಿಗೆ ತಿಂದ ಮೇಲೆ ವಿಷಯ ತಿಳಿಯಿತು. "ಇರ್ಲಿ, ಶತ್ರು ರುಚಿ ಐತಿ" ಎಂದು ಇನ್ನೊಂದು ತೆಗೆದುಕೊಂಡಳು.

ಮನೆಗೆ ಬಂದ ಮೇಲೆ ವ್ಯಾಯಾಮದ ಕಾಲ. ಆಸ್ಪತ್ರೆಯಲ್ಲಿ ಅದನ್ನು ಕಲಿಸುತ್ತಿದ್ದ ಹುಡುಗಿ ನೋಡಲು ಗುಬ್ಬಿ, ಹಿಡಿದರೆ ಉಡ. ಕಾಲು ಮಡಿಸುವಾಗ ನಾನು ಬಸವಣ್ಣನಿಂದ ಹಿಡಿದು ಎಲ್ಲ ದೇವರನ್ನೂ ಕೂಗಿದರೆ, ಅವಳು ಸಮಾಧಾನದಿಂದ "ಇಂಕಾ ಕೊಂಚೆಂ, ಸಾರ್" ಅನ್ನುತ್ತಿದ್ದಳು. ಇನ್ನೂ ಸ್ವಲ್ಪವಂತೆ! ಮೆಟ್ಟಿಲ ಪಾಠ ಬಂದಾಗ ಒಂದು ಮಾತು ಹೇಳಿದಳು: ಎತ್ತರದ ಮೆಟ್ಟಿಲಿನಿಂದ ಇನ್ನು ಮುಂದೆ ಮುಂದಕ್ಕೆ ಮುಖ ಮಾಡಿ ಹಾರುವುದು ಬಂದ್. ತಿರುಗಿ, ಹಿಡಿದು, ಒಂದೊಂದೇ ಕಾಲು. ಸಾಹೇಬರ ಹಲಗೆಯ ಮಾತೇ. ನಾವು ಟವೆಲ್ ಹಾಕಿದ್ದ ಹಲಗೆ!

ಆ ಪಾಠಕ್ಕೆ ಹೋಗಲು ಸಿಟಿ ಬಸ್ಸು. ಒಂದು ದಿನ ಗುರುಬಾಯಿ ಜೊತೆಗೆ ಬಂದಳು. ಸ್ಟಾಪ್ ಬಂದರೂ ಬಸ್ಸು ಉರುಳುತ್ತಲೇ ಇತ್ತು. ಬೇಗ ಇಳಿಯಲೆಂದು ಕಂಡಕ್ಟರು "ಜಲ್ದಿ ದಿಗಮ್ಮಾ, ಜಲ್ದಿ!" ಎಂದು ಅರಚಿದ.

"ತಡಿಯೋ ತಮ್ಮಾ! ನಿನ್ನ ಬಸ್ಸು ಮೊದಲ ನಿಲ್ಲಸು. ಅವಸರ ಮಾಡಿದ್ರ ಇಲ್ಲೇ ಕುಂದರತೀನಿ ನೋಡು."

ಬಸ್ಸು ನಿಂತಿತು. ಗುರುಬಾಯಿ ಬಸ್ಸಿನ ಕಡೆಗೆ ಮುಖ ತಿರುಗಿಸಿದಳು, ಎರಡೂ ಕಂಬಿ ಹಿಡಿದಳು, ಒಂದು ಕಾಲು ಕೆಳಗೆ ಬಿಟ್ಟು ಪಾದದಿಂದ ನೆಲ ತಟ್ಟಿ ನೋಡಿದಳು. ಮತ್ತೊಮ್ಮೆ ತಟ್ಟಿದಳು. "ಹ್ಞಾಂ, ಭೂಮಿ ಐತಿ" ಎಂದಳು. ಆಮೇಲೆಯೇ ಕೈ ಬಿಟ್ಟಳು. ಹಿಂದೆ ಕಾಯುತ್ತಿದ್ದ ಮಂದಿ ತಲೆ ಚಚ್ಚಿಕೊಂಡರು. ಆಕೆ ಎಲ್ಲ ಬಸ್ಸಿನಿಂದಲೂ ಹೀಗೇ ಇಳಿಯುತ್ತಾಳೆ, ನಾನು ಇಷ್ಟು ವರ್ಷ ಪಕ್ಕದಲ್ಲಿ ನಾಚಿ ನಿಂತಿದ್ದೆ. ಅತ್ತಮ್ಮ ಎಂದರೆ ಇವಳೇ, ಸಾಕ್ಷಾತ್ತು. ಅಂದು ಮಾತ್ರ ಊರುಗೋಲು ಹಿಡಿದು ಅವಳ ಹಾಗೆಯೇ ತಿರುಗಿ ಇಳಿದೆ. ಕಾಲು ಚೂರೂ ನೋಯಲಿಲ್ಲ.

ಊರುಗೋಲಿನಲ್ಲೇ ಒಮ್ಮೆ ಠಾಣೆಗೆ ಹೋದೆ. ಬೆಳಗಿನ ಸಾಲು ನಿಂತಿತ್ತು. ಸಾಹೇಬರು ನನ್ನ ಕಾಲು ತೋರಿಸಿ ಎಲ್ಲರಿಗೂ ಹಿಂದಿಯಲ್ಲಿ ಬಯ್ಯುತ್ತಿದ್ದರು: ಓಡುವ ಗಾಡಿಯಿಂದ ಜಿಗಿದು ಕಾಲು ಕೆಡಿಸಿಕೊಂಡವರು ಇನ್ನೂ ಯಾರ್‍ಯಾರಿದ್ದೀರಿ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ಸುಳ್ಳಾಗದು. ಡ್ರೈವರ್ ಆಗುವ ಮೊದಲು ನಮ್ಮ ಹಾಗೆಯೇ ಜಿಗಿಯುತ್ತಿದ್ದ ಯಾದಗಿರಿ ಅಣ್ಣನ ಕೈ ಹಿಮ್ಮಡಿಯ ಕಡೆ ಹೋಯಿತು. ಖಾಜಾನ ಕೈ ಮೊಣಕಾಲಿಗೆ ಹೋಗಿ, ನಾನು ನೋಡಿದ್ದು ಕಂಡು, ಕೆರೆದುಕೊಳ್ಳುವಂತೆ ಮಾಡಿತು. ಸಾಲು ಚದುರಿದ ಮೇಲೆ ಒಬ್ಬೊಬ್ಬನದೂ ಹೊರಬಿತ್ತು. ಖಾಜಾ ದಿನಾ ಬಚ್ಚಲ ಬಾಗಿಲು ಹಾಕಿಕೊಂಡು ಎಣ್ಣೆ ತಿಕ್ಕುತ್ತಿದ್ದನಂತೆ, ಹೆಂಡತಿಗೂ ಹೇಳದೆ.

"ಹಂಗಾದ್ರೆ ನಾಳೆಯಿಂದ ನೆಟ್ಟಗೆ ಇಳೀರಿ," ಎಂದರು ಸಾಹೇಬರು ನನಗೆ ಕನ್ನಡದಲ್ಲಿ, ಅದನ್ನೇ ಉಳಿದವರಿಗೆ ಹಿಂದಿಯಲ್ಲಿ.

ಯಾರು ಮೊದಲು? ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಅತ್ತಮ್ಮ ಆಗಲು ಯಾರಿಗೆ ಎದೆ ಇದೆ?

ಕೊನೆಗೂ ನನ್ನ ಪರೀಕ್ಷೆಯ ದಿನ ಬಂತು. ಕಾರ್ಖಾನೆಯ ದವಾಖಾನೆಯ ಡಾಕ್ಟರು ಠಾಣೆಗೇ ಬಂದು ನೋಡುವುದು ಎಂದಾಯಿತು. ಪೂರ್ತಿ ಉಡುಪು, ಬೂಟು, ಹೆಲ್ಮೆಟ್ ಹಾಕಿಕೊಂಡು ಗಾಡಿ ಹತ್ತಬೇಕು, ಇಳಿಯಬೇಕು. ಸೈ ಎಂದರೆ ಗಾಡಿ, ಇಲ್ಲವೆಂದರೆ ಫೋನಿನ ಕೋಣೆ, ಜೀವನಪೂರ್ತಿ. ಬೇಲಿಯ ಆಚೆ ಮಹಾದೇವಿ, ಗುರುಬಾಯಿ ನಿಂತಿದ್ದರು. ಹತ್ತುವಾಗ ಖಾಜಾ ಕಿವಿಯಲ್ಲಿ ಊದಿದ. ಮೆತ್ತಗೆ ಇಳಿದರೆ ಕಾಲಿಗೆ ಬಲ ಬಂದಿಲ್ಲ ಅಂದುಕೊಳ್ಳುತ್ತಾರೆ ಡಾಕ್ಟರು. ಒಂದೇ ಒಂದು ಸಲ ಜಿಗಿದುಬಿಡು, ಮಿಯಾ.

ಅವನು ಹೇಳಿದ್ದು ಕೇಡಿಗಲ್ಲ. ನನಗೂ ಅದೇ ಅನ್ನಿಸಿತ್ತು. ಯಾದಗಿರಿ ಅಣ್ಣ ಒಂದು ಸುತ್ತು ಹಾಕಿ ತಂದ. ಬಾಗಿಲಲ್ಲಿ ನಿಂತು ಕೆಳಗೆ ನೋಡಿದೆ. ಆಣೆ ಮಾಡಿ ಹೇಳುತ್ತೇನೆ, ಬೆಂಕಿಯೊಳಗೆ ನುಗ್ಗುವಾಗಲೂ ಅಷ್ಟು ಹೆದರಿರಲಿಲ್ಲ. ಜಿಗಿದರೆ ಡಾಕ್ಟರು ಮೆಚ್ಚಬಹುದು, ಮೊಣಕಾಲು ಮೆಚ್ಚುತ್ತದೆಯೇ?

ಗಾಡಿ ನಿಂತಿತು. ಪೂರ್ತಿ ನಿಲ್ಲುವವರೆಗೂ ಕಾದೆ. ಡಾಕ್ಟರಿಗೆ ಬೆನ್ನು ಮಾಡಿ ತಿರುಗಿದೆ. ಎರಡೂ ಕೈ ಹಿಡಿಗೆ. ಬೂಟು ಕೆಳಗೆ ಬಿಟ್ಟು ತಟ್ಟಿದೆ, ಮತ್ತೆ ತಟ್ಟಿದೆ. ಬಾಯಿಂದ ತಾನಾಗಿಯೇ ಬಂತು: "ಹ್ಞಾಂ, ಭೂಮಿ ಐತಿ."

"ಅತ್ತಮ್ಮ!" ಎಂದು ಹಿಂದಿನಿಂದ ಯಾರೋ ಕೂಗಿದರು. ಠಾಣೆಯೇ ಹೋ ಎಂದು ನಕ್ಕಿತು. ಬೇಲಿಯ ಆಚೆಯಿಂದ ಗುರುಬಾಯಿ "ಏನಂದ್ರ ಅವರು? ನನ್ನ ಯಾಕ ಕರ್‍ಯಾಕತ್ತಾರ?" ಎಂದು ಮಗಳನ್ನು ಕೇಳುತ್ತಿದ್ದಳು.

ಡಾಕ್ಟರು ಹುಬ್ಬು ಗಂಟಿಕ್ಕಿದರು. "ಯಾಕೆ ಹೀಗೆ ಇಳಿದ? ಇನ್ನೂ ನೋವಿದೆಯಾ?"

"ನೋವಿಲ್ಲ ಸಾರ್," ಎಂದರು ಸಾಹೇಬರು. "ಬುದ್ಧಿ ಬಂದಿದೆ."

ಮತ್ತೆ ಹತ್ತಿಸಿದರು, ಇಳಿಸಿದರು, ಕೂರಿಸಿದರು, ಓಡಿಸಿದರು. ಕೊನೆಗೆ ಗಾಡಿಗೆ ಸೈ ಎಂದರು. ನಾನು ಮತ್ತೆ ಟವೆಲ್ ಹುಡುಕಬೇಕಾಯಿತು. ಅದು ಹಲಗೆಯ ಮೇಲಿತ್ತು. ತೆಗೆದು ಮುಖ ಒರೆಸಿಕೊಂಡು ಹೆಗಲಿಗೆ ಹಾಕಿಕೊಂಡೆ.

ಅಲ್ಲಿಂದ ನಾನು ಖಾಯಂ ಅತ್ತಮ್ಮ. ತಾಲೀಮಿನಲ್ಲಿ ನಾನು ಇಳಿಯುವಾಗಲೆಲ್ಲ ಖಾಜಾ ಹೆಂಗಸಿನ ದನಿ ಮಾಡಿ "ಭೂಮಿ ಐತಿ" ಎಂದು ಅಣಕಿಸುತ್ತಿದ್ದ. ಕನ್ನಡದಲ್ಲಿ ಅವನಿಗೆ ಬರುತ್ತಿದ್ದ ಮಾತು ಅದೊಂದೇ. ಅಣಕಿಸುತ್ತ ಅಣಕಿಸುತ್ತ ತಾನೂ ಹಾಗೆಯೇ ಇಳಿಯತೊಡಗಿದ್ದ, ತಮಾಷೆಗೆ ಎಂದು ಹೇಳಿಕೊಂಡು. ಅವನ ಹಿಂದೆ ಉಳಿದವರೂ, ತಮಾಷೆಗೆ.

ಆಮೇಲೆ ಒಂದು ಮಧ್ಯಾಹ್ನ ನಾಚಾರಂನ ಬಣ್ಣದ ಗೋದಾಮಿನಿಂದ ಕರೆ ಬಂತು. ಗಲ್ಲಿಯ ತುಂಬ ಕಪ್ಪು ಹೊಗೆ, ನಮ್ಮ ಬೂಟು ನಮಗೇ ಕಾಣದು. ಯಾದಗಿರಿ ಅಣ್ಣ ಗಾಡಿ ನಿಲ್ಲಿಸಿದ. ನಾನು ತಿರುಗಿ, ಹಿಡಿದು, ಕಾಲು ಕೆಳಗೆ ಬಿಟ್ಟೆ. ತಟ್ಟಿದೆ. ಬೂಟಿಗೆ ಏನೂ ತಾಗಲಿಲ್ಲ. ಇನ್ನಷ್ಟು ಕೆಳಗೆ ಚಾಚಿದೆ. ಖಾಲಿ. ಮುಚ್ಚಳವಿಲ್ಲದ ದೊಡ್ಡ ಚರಂಡಿಯ ಬಾಯಿಗೆ ಸರಿಯಾಗಿ ನಮ್ಮ ಬಾಗಿಲು ನಿಂತಿತ್ತು. ಹಳೆಯ ಬಸವರಾಜನಾಗಿದ್ದರೆ ಅಷ್ಟರಲ್ಲಿ ಅದರೊಳಗಿರುತ್ತಿದ್ದ, ಅವನ ಮೇಲೆ ಖಾಜಾ, ಖಾಜಾನ ಮೇಲೆ ಉಳಿದವರು.

"ಭೂಮಿ ಇಲ್ಲ!" ಎಂದು ಕಿರುಚಿದೆ. "ಭೂಮಿ ಇಲ್ಲ! ಯಾರೂ ಇಳೀಬ್ಯಾಡ್ರಿ!"

ಯಾರಿಗೂ ಕನ್ನಡ ಬಿಡಿಸಿ ಹೇಳಬೇಕಾಗಲಿಲ್ಲ. ಖಾಜಾ ನನ್ನ ಕಾಲರ್ ಹಿಡಿದು ಒಳಗೆಳೆದ, ಯಾದಗಿರಿ ಅಣ್ಣ ಗಾಡಿಯನ್ನು ಮುಂದೆ ಸರಿಸಿ ನಿಲ್ಲಿಸಿದ. ಮತ್ತೆ ಇಳಿದೆವು. ನಾನು ತಟ್ಟಿ ನೋಡಿ ಕೂಗಿದೆ. ಪಕ್ಕದಿಂದ ಇನ್ನೊಂದು ದನಿ, ಗಾಡಿಯ ಆಚೆ ಬದಿಯಿಂದ ಮತ್ತೊಂದು. ಕೊನೆಗೆ ಖಾಜಾನದು. ಹೆಂಗಸಿನ ದನಿ ಮಾಡಿರಲಿಲ್ಲ, ತನ್ನದೇ ಒರಟು ದನಿಯಲ್ಲಿ, ಹೊಗೆಯೊಳಗಿಂದ ಹೇಳಿದ:

"ಭೂಮಿ ಐತಿ, ಅತ್ತಮ್ಮ. ಚಲೋ."